ನೀನು ಕೊಟ್ಟ ಹಳದಿ ಟೋಪಿ

ಅಣ್ಣಾ,

ನೀನು ಹೇಳಿದ ಬೆಟ್ಟದ ದಾರಿಯನ್ನು ನಿನ್ನೆ ಸುಡುಬಿಸಿಲಲ್ಲಿ ಒಬ್ಬಳೇ ನಡೆದು ಮುಗಿಸಿದೆ. ನೀನು ಕೊಟ್ಟ ಹಳದಿ ಟೋಪಿ ತಲೆಯ ಮೇಲಿತ್ತು. ಮೊದಲ ಊರಲ್ಲಿ ನೀರು ಕೇಳಿದರೆ ಬಾಗಿಲು ಹಾಕಿಕೊಂಡರು.

ಎರಡನೇ ಊರಲ್ಲಿ ಒಬ್ಬ ಅಜ್ಜಿ ಕೋಲು ಹಿಡಿದು ಅಡ್ಡ ನಿಂತಳು. "ಹೋದ ಬೇಸಿಗೇಲಿ ಇದೇ ಟೋಪಿಯವ್ರು ಬಂದು, ಆಚೆ ಗುಡ್ಡದಲ್ಲಿ ಬತ್ತಿದ ಒರತೆಗಳ ಫೋಟೋ ತೆಗೆದು, ಇಲ್ಲಿ ನೀರೇ ಇಲ್ಲ ಅಂತ ಬರ್ಕೊಂಡು, ಅದನ್ನೇ ತೋರ್ಸಿ ಗಣಿಗೆ ಪರವಾನಗಿ ತಗೊಂಡ್ರು. ಈಗ ಅಲ್ಲಿ ಗುಡ್ಡಾನೇ ಇಲ್ಲ, ಬರೀ ಕಲ್ಲುಗಣಿ. ಈ ಸಲ ಹೆಂಗಸನ್ನ ಕಳಿಸಿದ್ರಾ? ಭಾರೀ ಜಾಣರು ಬಿಡಮ್ಮ!"

"ಟೋಪಿ ನಮ್ಮಣ್ಣಂದು ಅಜ್ಜಿ, ನಾನು ಸುಮ್ನೆ ನಡೆಯೋಕೆ ಬಂದೋಳು" ಎಂದೆ.

"ನಿಮ್ಮಣ್ಣಂಗೆ ಎಲ್ಲಿ ಕೆಲಸ?"

ನಾನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೆ.

ಬೇಸಿಗೆಯಲ್ಲೇ ಹೋಗು, ಬತ್ತಿದ ಒರತೆಗಳ ಫೋಟೋ ತೆಗಿ ಎಂದವನು ನೀನು. ಗೆಳತಿಯರು ಬೇಡ ಎಂದವನೂ ನೀನೇ. ಯಾಕಣ್ಣಾ? ನಿನ್ನ ಗಣಿ ಕಂಪನಿಗೆ ಅಲ್ಲಿ ಕಾಲಿಡುವ ಧೈರ್ಯವಿಲ್ಲವೆಂದು ತಂಗಿಯ ಕಾಲನ್ನು ಬಾಡಿಗೆಗೆ ಕೊಟ್ಟೆಯಾ?

ದಾರಿಯಲ್ಲಿ ನಾನು ತೆಗೆದಿದ್ದ ಫೋಟೋಗಳನ್ನೆಲ್ಲ ಅಜ್ಜಿಯ ಎದುರೇ ಅಳಿಸಿದೆ. ಆಮೇಲೆ ಅವಳು ನೀರು ಕೊಟ್ಟಳು. ಟೋಪಿ ಅವಳ ಹತ್ತಿರವೇ ಇದೆ. ಬೇಕಿದ್ದರೆ ನೀನೇ ಹೋಗಿ ಕೇಳು. ಒಬ್ಬನೇ ಹೋಗು, ನಡೆದುಕೊಂಡೇ ಹೋಗು.

ನೀರು ಮಾತ್ರ ಮನೆಯಿಂದಲೇ ಒಯ್ಯಿ.

ನಿನ್ನ ತಂಗಿ