ಸ್ಪಂಜಿನ ಕೋಣೆಯಲ್ಲಿ ನಿನ್ನ ದನಿ

ಚಿಕ್ಕಮ್ಮಾ,
ತಲುಪಿದೆ. ಸ್ವಲ್ಪ ನೆಗಡಿ ಬಿಟ್ಟರೆ ಆರಾಮಾಗಿದ್ದೇನೆ.

ಸಿಗ್ನಲ್ ತೀರಾ ಕಮ್ಮಿಯಿದ್ದಾಗಲೂ ಫೋನಿನಲ್ಲಿ ಮಾತು ತಿಳಿಯುವಂತೆ ನಾನು ಹನ್ನೊಂದು ವರ್ಷ ತಿದ್ದಿ ತೀಡಿದ ವಿಧಾನಕ್ಕೆ ಇವತ್ತು ಮಾನದಂಡ ಸಮಿತಿಯ ಪರೀಕ್ಷೆ. ಗೋಡೆಗೆಲ್ಲ ಸ್ಪಂಜು ಮೆತ್ತಿದ ಕೋಣೆಯಲ್ಲಿ ಹನ್ನೆರಡು ಮಂದಿ ಪ್ರೊಫೆಸರುಗಳು ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ, ಕೇಳಿಸಿದ ಒಂದೊಂದು ದನಿಗೂ ಐದಕ್ಕೆ ಇಷ್ಟು ಅಂತ ಅಂಕ ಹಾಕಬೇಕು. ತುಟಿ ಬಿಚ್ಚುವಂತಿಲ್ಲ. ಒಬ್ಬರು ಕಮ್ಮಿ ಬಿದ್ದರೆಂದು ನನ್ನನ್ನೂ ಕೂರಿಸಿದ್ದರು. ಅತಿ ಕೆಟ್ಟ ಸಿಗ್ನಲ್ಲಿನ ಸರದಿಯಲ್ಲಿ, ಹೋದ ವರ್ಷ ನಿನ್ನ ಅಡುಗೆಮನೆಯಲ್ಲಿ ನಾನು ರೆಕಾರ್ಡ್ ಮಾಡಿಕೊಂಡದ್ದು ಬಂತು: "ಹಾಲು ಉಕ್ತಾ ಇದೆ, ಬೇಗ ಬಾರೇ."

"ಬಂದೆ ಚಿಕ್ಕಮ್ಮಾ" ಅಂತ ಎದ್ದೇಬಿಟ್ಟೆ. ಹೆಡ್‌ಫೋನಿನ ವೈರು ಕಿತ್ತು ಬಂತು.

"ಪರಿಚಯದ ದನಿಗೆ ನೀವು ಅಂಕ ಕೊಡೋ ಹಾಗಿಲ್ಲ" ಎಂದು, ನಮ್ಮ ಜೊತೆಯೇ ಕೂತು ಕೇಳುತ್ತಿದ್ದ ಸಮಿತಿಯ ಅಧ್ಯಕ್ಷೆ ನನ್ನ ಹಾಳೆ ಹರಿದು ಹಾಕಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತೀರ್ಮಾನ ನಾಳೆ. ನೀನು ಬಿ.ಪಿ. ಮಾತ್ರೆ ಮರೀಬೇಡ.

ಆದರೆ ಹೊರಗೆ ಬಂದ ಮೇಲೆ, ಕನ್ನಡದ ಗಂಧಗಾಳಿಯಿಲ್ಲದ ಅದೇ ಅಧ್ಯಕ್ಷೆ ಹತ್ತಿರ ಬಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು: "ಆಕೆ ಏನಂದ್ರು? ನನಗೂ ಏಳಬೇಕು ಅನ್ನಿಸ್ತು."

ಕಾರ್ಡಿನಲ್ಲಿ ಜಾಗ ಮುಗಿಯಿತು.
ನಿನ್ನ ಅಕ್ಕನ ಮಗಳು