ಮಾರಿಗೆ ಕೇಳಿಸದ ಕುಣಿತ

೫ ಡಿಸೆಂಬರ್ ೧೯೭೭, ಸೋಮವಾರ. ನಾರಾಯಣಖೇಡ

ಬೆಳಿಗ್ಗೆ ಆರಕ್ಕೆ ರಿಹರ್ಸಲ್. ಎಡ ಮೊಣಕಾಲು ಮತ್ತೆ ಮುನಿಸಿಕೊಂಡಿದೆ. ಆರನೆಯ ವಯಸ್ಸಿಗೆ ಬಣ್ಣ ಹಚ್ಚಿ ನಾಟಕ ಕಂಪನಿಯ ಹಲಗೆ ಹತ್ತಿದ ಕಾಲು. ಈಗ ನಲವತ್ತೆಂಟು. ಇನ್ನೆಷ್ಟು ದುಡಿದೀತು ಪಾಪ.

ತೊಗರಿ ಗೋದಾಮೇ ನಮ್ಮ ಹಾಲ್. ಹೊಸ ಬೆಳೆ ಬರುವತನಕ ಖಾಲಿ. ಶಾಮಲಾ ಆಗಲೇ ಬಂದು ಕಸ ಹೊಡೆದಿದ್ದಳು. ಕಂಗ್ಟಿಯ ಹುಡುಗಿ, ಇಲ್ಲಿ ಸೋದರಮಾವನ ಮನೆಯಲ್ಲಿದ್ದು ಓದಿದವಳು. ಹನ್ನೆರಡಕ್ಕೆ ನನ್ನ ಕೈಗೆ ಬಂದಳು, ಈಗ ಇಪ್ಪತ್ತಮೂರು. ನಾನು ಅರ್ಧ ಹೆಜ್ಜೆ ತೋರಿಸಿದರೆ ಸಾಕು, ಉಳಿದರ್ಧ ಅವಳ ಮೈಗೆ ಗೊತ್ತು.

ಬೀಸುವ ಭಾಗ ಇವತ್ತು ಕೂಡಿ ಬಂತು. ಕಲ್ಲಿಲ್ಲ. ಜೋಳವಿಲ್ಲ. ಹಾಡಂತೂ ಇಲ್ಲವೇ ಇಲ್ಲ. ಬರಿಗೈ ತಿರುಗಬೇಕು, ಕಲ್ಲಿನ ಭಾರ ಬೆನ್ನಿನಲ್ಲಿ ಕಾಣಬೇಕು. ಮುಂಬೈಯ ಬ್ಯಾಲೆ ತಂಡದ ಹಿಂದಿನ ಸಾಲಿನಲ್ಲಿ ನಾಲ್ಕು ವರ್ಷ ಕುಣಿದು ಕಲಿತದ್ದು ಇದೊಂದೇ — ಕೈಯೊಳಗಿನ ವಸ್ತು ಕಸಿದುಕೊಂಡರೆ ಮೈ ಬಾಯಿ ಬಿಡುತ್ತದೆ.

ಆದರೆ ತಾಂಡೂರಿನ ಗಾಯ ಇನ್ನೂ ಹಸಿ. ಹೋದ ತಿಂಗಳು ಅಲ್ಲಿ ಇದನ್ನೇ ಆಡಿದೆವು. ‘ಹೊಸ ನೃತ್ಯ, ರಚನೆ ಮನ್ಮಥಪ್ಪ’ ಎಂದು ಆಳೆತ್ತರ ಬೋರ್ಡು ಬರೆಸಿದ್ದೆ. ಹತ್ತು ನಿಮಿಷಕ್ಕೆ ಒಬ್ಬ ಎದ್ದು ಕೇಳಿದ: “ಮಾಸ್ತರ್ರ, ಹಾಡಾವಂದು ರೈಲ್ ತಪ್ಪ್ಯದೇನ್ರಿ?” ಇಡೀ ಪೆಂಡಾಲು ನಕ್ಕಿತು. ಅರ್ಧಕ್ಕೇ ಪರದೆ ಎಳೆಸಿದೆ. ಮರುದಿನ ಆರು ಹುಡುಗಿಯರ ಮನೆಯಿಂದ ಹೇಳಿಕೆ: ಇನ್ನು ಕಳಿಸುವುದಿಲ್ಲ. ಉಳಿದವಳು ಶಾಮಲಾ ಒಬ್ಬಳೇ.

“ನಮ್ಮೂರಿಗಿ ಬರ್ರಿ ಸರ್,” ಅಂದಳು ಇವತ್ತು. “ಬೀಸೂದು ಗೊತ್ತಿದ್ದ ಹೆಣ್ಮಕ್ಕಳು ಬೇಕಲ್ಲ ನಿಮಗ? ಕಂಗ್ಟ್ಯಾಗ ಮನಿಗಿಬ್ಬರು ಸಿಗ್ತಾರ.”

೧೧ ಡಿಸೆಂಬರ್, ಭಾನುವಾರ. ಕಂಗ್ಟಿ

ಏನು ಮಾಡಿಬಿಟ್ಟೆನಪ್ಪ ಇವತ್ತು.

ಗುಡಿಯ ಕಟ್ಟೆಯ ಮೇಲೆ ಊರಿನ ಹಿರಿಯ ಕಾಶಪ್ಪ. ಸುತ್ತ ಹತ್ತಿಪ್ಪತ್ತು ಮಂದಿ, ಗೋಡೆಗೆ ಒರಗಿ ಹೆಂಗಸರು. ನಾನು ವಿಷಯ ಇಟ್ಟೆ. ಕಾಶಪ್ಪ ಎಲೆಗೆ ಸುಣ್ಣ ಸವರುತ್ತ ಕೇಳಿದ:

“ಹೆಣ್ಮಕ್ಕಳು ಕುಣೀಬೇಕಂತೀರಿ. ಯಾರ ಹೆಸರಿಲೆ?”

“ಯಾರ ಹೆಸರಿಲೂ ಅಲ್ರಿ. ಇದು ಹೊಸದು. ಕಲೆ.”

“ದೇವರ ಹೆಸರಿಲೆ ಕುಣೀತಾರ, ಇಲ್ಲಂದ್ರ ಹೊಟ್ಟಿ ಹೆಸರಿಲೆ ಕುಣೀತಾರ. ನಿಮ್ದು ಎರಡೂ ಅಲ್ಲಂತೀರಿ. ಹಿಂಗಾದ್ರ ಸೊಸೆಂದಿರ್ನ ಯಾವ ಬಾಯಿಲೆ ಕಳಿಸಬೇಕ್ರಿ ನಾವು?”

ಜನ ಏಳುವುದರಲ್ಲಿದ್ದರು. ಆಗ ನನ್ನ ಗಂಟಲಿಗೆ ಅದೇನು ಏರಿತೋ. ಕಟ್ಟೆ ಕಂಡಲ್ಲಿ ರಂಗ ಕಾಣುವ ಹಾಳು ಗಂಟಲು. ಎದ್ದು ನಿಂತೆ. ಶಲ್ಯ ಹೆಗಲಿಗೆ ಎಸೆದೆ.

“ಹಿರಿಯರೇ, ಈ ಕುಣಿತ ನಂದಲ್ಲ. ನಿಮ್ಮದು. ನೀವು ಮರೆತದ್ದು.”

ಆಮೇಲೆ ಮಾತು ನನ್ನದಾಗಿರಲಿಲ್ಲ, ತಾನಾಗಿ ಹರಿಯಿತು. ದೊಡ್ಡ ಬೇನೆಯ ವರ್ಷ. ಮನೆಗೊಂದು ಹೆಣ. ನಸುಕಿನಲ್ಲಿ ಬೀಸುವ ಹಾಡು ಕೇಳಿದ ಮನೆಗೇ ಮಾರಿ ಬರುತ್ತಾಳೆ. ಕಂಗ್ಟಿಯ ಒಬ್ಬ ಸೊಸೆ ಹಾಡು ನಿಲ್ಲಿಸಿದಳು. ಕಲ್ಲಿನ ಸದ್ದೂ ಬೇಡವೆಂದು ಕಲ್ಲು ಬಿಟ್ಟಳು. ಬರಿಗೈ ಬೀಸಿದಳು. ಅವಳನ್ನು ನೋಡಿ ಓಣಿಯ ಹೆಂಗಸರೆಲ್ಲ ಬರಿಗೈ ಬೀಸಿದರು. ಮಾರಿ ಬಂದಳು, ಕಿವಿ ಇಟ್ಟು ಆಲಿಸಿದಳು, ಏನೂ ಕೇಳಿಸಲಿಲ್ಲ, ಊರು ದಾಟಿ ಹೋದಳು.

ಎಂಬತ್ತು ದಾಟಿದ ಬಂಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು: “ಬ್ಯಾನಿ ವರ್ಷ ಊರಾಗ ಯಾರೂ ಹಾಡ್ತಿದ್ದಿಲ್ಲಂತ ನಮ್ಮತ್ತಿ ಹೇಳ್ತಿದ್ಲು. ಖರೇನೇ ಅದ.”

ಕಾಶಪ್ಪ ಎಲೆ ಬಾಯಿಗಿಟ್ಟ. “ನಮ್ಮದs ಅಂದ್ರ ಬ್ಯಾರೆ ಮಾತು.”

ಒಂಬತ್ತು ಹೆಂಗಸರು ಸಿಕ್ಕರು. ಮೊದಲ ಹೆಸರು ಬಂಡಮ್ಮನ ಮೊಮ್ಮಗನ ಹೆಂಡತಿ ಲಚ್ಚಮ್ಮನದು.

೧೨ ಡಿಸೆಂಬರ್

ಬಸ್ಸಿನಲ್ಲಿ ಶಾಮಲಾ ನಕ್ಕು ನಕ್ಕು ಕೆಮ್ಮಿದಳು. “ಸರ್, ಪಾಪ ಆ ಸೊಸಿಗಿ ಒಂದು ಹೆಸರಾದ್ರೂ ಇಡಬೇಕಿತ್ತು.”

ಇದು ಗೊತ್ತಿರುವವಳು ನೀನೊಬ್ಬಳೇ, ಬಾಯಿ ಬಿಟ್ಟೀಯ, ಅಂದೆ.

“ಮಾರಿಗಿ ಸುದ್ಧಾ ಕೇಳಿಸಂಗಿಲ್ರಿ.”

೨೬ ಮಾರ್ಚ್ ೧೯೭೮, ಭಾನುವಾರ. ಜಹೀರಾಬಾದ್

ಗೆದ್ದೆ. ಗೆದ್ದೆ. ಗೆದ್ದೆ.

ಎರಡು ಸಾವಿರ ಜನ. ಮೊದಲು ನಾನು ಬೇನೆ ವರ್ಷದ ಕಥೆ ಹೇಳಿದೆ, ಮೈಕಿಲ್ಲದೆ. ಆಮೇಲೆ ಹತ್ತು ಹೆಂಗಸರು, ಬರಿಗೈ, ಬರಿಗಾಲು. ಮುಂದಿನ ಸಾಲಿನಲ್ಲಿ ಕೂಸು ಅತ್ತರೆ ತಾಯಿ ಬಾಯಿಗೆ ಕೈ ಅಡ್ಡ ಹಿಡಿದಳು — ಮಾರಿಗೆ ಕೇಳಿಸೀತೆಂದು. ತಾಂಡೂರಿನಲ್ಲಿ ನಕ್ಕರಲ್ಲ, ಅದೇ ಹೆಜ್ಜೆ, ಅದೇ ಬೆನ್ನು, ಮೂರನೆಯ ಸುತ್ತು ಬಿಟ್ಟರೆ ಒಂದು ಗೆರೆ ಬದಲಿಲ್ಲ.

ಬೋರ್ಡಿನ ಮೇಲೆ ನನ್ನ ಹೆಸರಿಲ್ಲ. ‘ಕಂಗ್ಟಿಯ ಪುರಾತನ ಮೂಕ ಕುಣಿತ.’ ಇರಲಿ. ಮೊದಲು ಕುಣಿತ ಬೇರೂರಿ ನಿಲ್ಲಲಿ. ದೊಡ್ಡ ಸ್ಟೇಜು ಸಿಕ್ಕ ದಿನ ನಾನೇ ಮುಂದೆ ಬಂದು ಹೇಳುತ್ತೇನೆ: ಮಹಾಜನಗಳೇ, ಇದನ್ನು ಕಟ್ಟಿದವನು ಈ ಮನ್ಮಥಪ್ಪ. ಎಂಥ ಕ್ಲೈಮ್ಯಾಕ್ಸ್ ಅದು.

೯ ಜುಲೈ

ಹೈದರಾಬಾದಿನ ಕಲಾ ಪರಿಷತ್ತಿನಿಂದ ಕಾಗದ. ನವೆಂಬರಿನಲ್ಲಿ ಅಲ್ಲಿ ಪ್ರದರ್ಶನ, ಅಲ್ಲಿಂದ ದಿಲ್ಲಿಗೆ. ದಿಲ್ಲಿ. ಕಾಗದವನ್ನು ಶಾಮಲಾಳಿಂದ ಮೂರು ಸಲ ಓದಿಸಿ ಕೇಳಿದೆ.

ಜೊತೆಗೆ ಇಂಗ್ಲಿಷಿನಲ್ಲಿ ನಾಲ್ಕು ಪುಟದ ಫಾರಂ. ನನ್ನ ಇಂಗ್ಲಿಷು ‘ಎಂಟ್ರಿ’ ‘ಎಕ್ಸಿಟ್’ಗೆ ಮುಗಿಯಿತು. ಶಾಮಲಾ ತಾನೇ ತುಂಬಿ, ಹೋಗಿ ಕೊಟ್ಟು ಬರುತ್ತೇನೆಂದಳು. “ನನ್ನ ಹೆಸರು ದಪ್ಪಕ್ಷರದಲ್ಲಿ ಬರಿ, ಹೊಸ ರಚನೆ ಅಂತ ಬರಿ. ಇನ್ನು ಮುಚ್ಚಿಡೋದು ಬೇಡ,” ಅಂದೆ. ಹೂಂ ಅಂದಳು. ತಲೆ ಎತ್ತಲಿಲ್ಲ, ಸೂಟ್‌ಕೇಸಿಗೆ ಸೀರೆ ಇಡುತ್ತಿದ್ದಳು.

೨ ಸೆಪ್ಟೆಂಬರ್

ಪರಿಷತ್ತಿನಿಂದ ಇಂಗ್ಲಿಷಿನಲ್ಲಿ ಅಚ್ಚಾದ ಪುಸ್ತಿಕೆ ಬಂತು. ಹೈಸ್ಕೂಲಿನ ಹೆಡ್‌ಮಾಸ್ಟರ್ ಓದಿ ಹೇಳಿದರು. ಮತ್ತೊಮ್ಮೆ ಓದಿ ಅಂದೆ. ಮತ್ತೊಮ್ಮೆ ಓದಿದರು. ಅಕ್ಷರ ಬದಲಾಗಲಿಲ್ಲ.

‘ಸಾಂಪ್ರದಾಯಿಕ. ಕರ್ತೃ ಅಜ್ಞಾತ. ಸಂಗ್ರಹ ಮತ್ತು ನಿರ್ದೇಶನ: ಕುಮಾರಿ ಶಾಮಲಾ, ಕಂಗ್ಟಿ.’

ಅಜ್ಞಾತ. ಆರಡಿ ಎರಡಂಗುಲದ ಅಜ್ಞಾತ. ಊರಾಚೆಗೂ ದನಿ ಕೇಳುವ ಅಜ್ಞಾತ.

ಸಂಜೆ ಅವಳ ಮಾವನ ಮನೆಗೆ ಹೋದೆ. ಕೂಡ್ರಿ ಅಂದಳು. ಕೂಡಲಿಲ್ಲ.

“ಯಾಕೆ?”

“ಅವರ ಫಾರಂದಾಗ ಹೊಸದಕ್ಕ ಖಾನೆನೇ ಇಲ್ರಿ ಸರ್. ಹಳೇದಂತ ತಿಳದs ಕರೆದಾರ. ಹೊಸದಂದಿದ್ರ ಅವತ್ತs ಮುಗೀತಿತ್ತು.”

“ಹಳೆಯದೇ ಆಗಲಿ. ಸಂಗ್ರಹ ಅಂತಲಾದರೂ ನನ್ನ ಹೆಸರು ಬರೆಯಬಹುದಿತ್ತಲ್ಲ?”

“ಆ ಊರಾಗ ಹುಟ್ಟಿದವರ ಹೆಸರು ಕೇಳಿದ್ರು. ನೀವು ಮುಂಬೈಕ್ ಹೋಗಿ ಬಂದವರು. ಮುಂಬೈ ಹೆಸರು ಬಂದ್ರ ಹಳೇದಂತ ಯಾರು ನಂಬ್ತಾರ?” “ಕಟ್ಟೀ ಮ್ಯಾಲ ನಿಂತು ನಂದಲ್ಲ ಅಂದವರು ನೀವು. ನಾ ಹೇಳಿದ್ದಲ್ಲ.”

“ನಿನಗೆ ಗೊತ್ತಿತ್ತು.”

“ಗೊತ್ತಿತ್ರಿ.”

ಅಳಲಿಲ್ಲ. ಅತ್ತಿದ್ದರೆ ಬೈಯುವುದಕ್ಕಾದರೂ ಆಗುತ್ತಿತ್ತು. ಪರಿಷತ್ತಿನವರು ಅವಳಿಗೆ ಹೈದರಾಬಾದಿನಲ್ಲಿ ಜಾನಪದ ನೃತ್ಯ ಕಲಿಸುವ ನೌಕರಿ ಕೊಡುತ್ತಾರಂತೆ. ಇದನ್ನು ಹೇಳಿದವನು ಅವಳ ಮಾವ, ಪೇಡೆ ತಂದಿಟ್ಟು.

೬ ಸೆಪ್ಟೆಂಬರ್. ಕಂಗ್ಟಿ

ಸಾಕ್ಷಿ ಬೇಕು. ‘ಇದು ಹಳೆಯದಲ್ಲ, ಮನ್ಮಥಪ್ಪ ಕಲಿಸಿದ್ದು’ ಎಂದು ಊರಿನವರು ಬರೆದು ಕೊಟ್ಟರೆ ಪರಿಷತ್ತಿಗೆ ಒಯ್ಯುತ್ತೇನೆ. ಮೊದಲ ಬಸ್ಸಿಗೆ ಹೋದೆ. ಅದೇ ಕಟ್ಟೆ. ಗಂಟಲು ತಗ್ಗಿಸಿ ಎಲ್ಲ ಒಪ್ಪಿಕೊಂಡೆ. ಜೀವಮಾನದಲ್ಲಿ ಮೊದಲ ಸಲ ತಗ್ಗಿಸಿದ್ದು. ಸೊಸೆ ಸುಳ್ಳು, ಮಾರಿ ಸುಳ್ಳು, ಬೇನೆ ವರ್ಷದ ಕುಣಿತ ಸುಳ್ಳು.

ಕಾಶಪ್ಪ ಕೈಯೊಳಗಿನ ಎಲೆ ಪಕ್ಕಕ್ಕಿಟ್ಟ.

“ಮಾಸ್ತರ್ರ, ಸುಳ್ಳು ಅವತ್ತು ಹೇಳಿದ್ರೋ, ಇವತ್ತು ಹೇಳ್ತೀರೋ?”

“ಅವತ್ತು.”

“ಅವತ್ತು ನಿಮ್ಮ ಕಣ್ಣಾಗ ನೀರಿತ್ತಲ್ರಿ.”

ನಟನ ಕಣ್ಣೀರು ಎಂದರೆ ಇನ್ನಷ್ಟು ಕೆಡುತ್ತದೆ. ಬಂಡಮ್ಮನ ಮನೆಗೆ ಹೋದೆ. ಅಜ್ಜಿ, ಬೇನೆ ವರ್ಷ ಯಾರೂ ಹಾಡುತ್ತಿರಲಿಲ್ಲ ಅಂತ ನಿಮ್ಮತ್ತೆ ಹೇಳಿದ್ದಷ್ಟೇ, ಕುಣಿದದ್ದನ್ನು ನೀವು ನೋಡಿಲ್ಲವಲ್ಲ, ಅಂದೆ.

“ನೋಡೀನಿ. ಇದs ಅಂಗಳದಾಗ ಕುಣ್ಯಾಳ. ಹೀಂಗs ಬರಿಗೈಲೆ.” ಮುದುಕಿ ಕೂತಲ್ಲೇ ಕೈ ತಿರುಗಿಸಿದಳು. ನಾನು ಕಲಿಸಿದ ಹಾಗೆ, ಮಣಿಕಟ್ಟು ಕೊನೆಯಲ್ಲಿ ಒಂದಿಷ್ಟು ಜಾರಿಸಿ. “ನಿಮ್ಮ ಹೆಸರು ಬರಲಿಲ್ಲಂತ ಸತ್ತ ನಮ್ಮತ್ತಿನ್ನ ಸುಳ್ಳಿ ಮಾಡಬ್ಯಾಡ್ರಿ ಯಪ್ಪಾ. ಆಕಿ ಹೆಸರು ಎಲ್ಲಿ ಬಂದದ?”

ಕಣ್ಣಿನಲ್ಲಿ ಕಪಟವಿಲ್ಲ. ನಿಜವಾಗಿ ನೋಡಿದ್ದಾಳೆ. ನಾನೇ ತೋರಿಸಿದ್ದೇನೆ.

ಲಚ್ಚಮ್ಮ ನೀರಿನ ತಂಬಿಗೆ ನೆವ ಮಾಡಿ ಬಾಗಿಲತನಕ ಬಂದಳು. ದನಿ ತಗ್ಗಿಸಿ, “ನನಗ ಗೊತ್ತದರೀ ಮಾಸ್ತರ್ರ. ಮೂರನೇ ಸುತ್ತು ನೀವು ನಾಕು ಸಲ ಅಳಿಸಿ ಅಳಿಸಿ ಕಟ್ಟೀರಿ. ಹಳೇದಿದ್ರ ಅಳಸ್ತಿದ್ರೇನು?”

ಇಷ್ಟನ್ನೇ ಬರೆದು ಒಂದು ಹೆಬ್ಬೆಟ್ಟು ಒತ್ತವ್ವ, ಅಂದೆ. ಕೈ ಮುಗಿದೆ ಕೂಡ.

“ಒತ್ತಿ ಈ ಮನ್ಯಾಗ ಇರೂದು ಹ್ಯಾಂಗ್ರಿ?” ತಂಬಿಗೆ ಇಸಿದುಕೊಂಡು ಒಳಗೆ ಹೋದಳು.

೭ ಸೆಪ್ಟೆಂಬರ್

ಗೋದಾಮಿಗೆ ಹೋಗಲಿಲ್ಲ.

೨೨ ಅಕ್ಟೋಬರ್

ಶಾಮಲಾ ಬಂದಿದ್ದಳು. ಐವತ್ತು ದಿನದ ಮೇಲೆ. ಕೈಗೆ ಗಡಿಯಾರ ಬಂದಿದೆ. ಕಾಲಿಗೆ ಬಿದ್ದಳು. ಬೀಳಬೇಡ ಅನ್ನಲಿಲ್ಲ, ಆಶೀರ್ವಾದವನ್ನೂ ಮಾಡಲಿಲ್ಲ.

ವಿಷಯ ಇದು: ಹೈದರಾಬಾದಿನಲ್ಲಿ ಕುಣಿತಕ್ಕೆ ಮೊದಲು ಬೇನೆ ವರ್ಷದ ಕಥೆ ಹೇಳಬೇಕು. ಅವರೇ ಒಬ್ಬ ರೇಡಿಯೋ ದನಿಯವನನ್ನು ಇಟ್ಟು ನೋಡಿದರಂತೆ. ಕಥೆ ಎದ್ದು ನಿಲ್ಲಲಿಲ್ಲವಂತೆ.

“ನಿಮ್ಮ ಬಾಯಿಲೆನೇ ಬರಬೇಕ್ರಿ ಸರ್ ಅದು.”

“ಅಂದರೆ ನನ್ನ ಮಗುವನ್ನು ನನ್ನದಲ್ಲ ಎಂದು ನಾನೇ, ನನ್ನ ಬಾಯಿಂದಲೇ, ತುಂಬಿದ ಸಭೆಯಲ್ಲಿ ಸಾರಬೇಕು.”

“ಸ್ಟೇಜ್ ನಿಮ್ಮ ಕೈಯಾಗ ಇರ್ತದ. ಏನು ಹೇಳ್ತೀರೋ ನಿಮಗ ಬಿಟ್ಟದ್ದು. ನಾ ತಡಿಯಂಗಿಲ್ಲ.” ಸೆರಗಿನ ತುದಿ ಬೆರಳಿಗೆ ಸುತ್ತಿ ಬಿಚ್ಚಿದಳು. “ಹತ್ತೂ ಮಂದಿ ದಿಲ್ಲಿ ನೋಡ್ಲಿಕ್ಕೆ ಹೊಸ ಸೀರಿ ತೆಗೆದಿಟ್ಟಾರ, ಅಷ್ಟs.”

ಎಂಥ ಸಂಭಾಷಣೆ. ನನ್ನ ಶಿಷ್ಯೆಯೇ ಹೌದು.

ಬರುತ್ತೇನೆ ಅಂದೆ. ಯಾಕೆ ಅಂದೆನೆಂದು ನನಗೆ ಗೊತ್ತು — ಮೈಕಿನ ಮುಂದೆ ನಿಂತು ನಿಜ ಹೇಳುವುದಕ್ಕೆ. ಪರಿಷತ್ತು, ಪತ್ರಿಕೆ, ದೊಡ್ಡವರು, ಎಲ್ಲರೂ ಇರುವಾಗ.

೧೯ ನವೆಂಬರ್, ಬೆಳಿಗ್ಗೆ. ಹೈದರಾಬಾದ್

ಸ್ಟೇಜ್ ರಿಹರ್ಸಲ್. ನಾಲ್ಕನೆಯ ಸುತ್ತಿನ ಕೊನೆಗೆ ನಾನು ಒಂದು ನಿಲುಗಡೆ ಇಟ್ಟಿದ್ದೇನೆ. ಹನ್ನೊಂದು ಎಣಿಕೆ. ಹತ್ತೂ ಮಂದಿ ನಿಂತಲ್ಲೇ, ಕೈ ಗಾಳಿಯಲ್ಲಿ. ಇಡೀ ಕುಣಿತ ಆ ಹನ್ನೊಂದಕ್ಕಾಗಿ ಕಟ್ಟಿದ್ದು. ಉಳಿದದ್ದನ್ನು ಯಾರಾದರೂ ಕಟ್ಟಿಯಾರು.

ಪರಿಷತ್ತಿನ ಒಬ್ಬರು ಹೇಳಿದರು: ಹಳೆಯ ಕುಣಿತಗಳಲ್ಲಿ ಇಷ್ಟುದ್ದ ನಿಲುಗಡೆ ಇರುವುದಿಲ್ಲ, ಆಮೇಲೆ ಸೇರಿಸಿದ ಹಾಗಿದೆ. ಶಾಮಲಾ ನನ್ನ ಕಡೆ ನೋಡಲಿಲ್ಲ. “ತೆಗೀತೀವ್ರಿ,” ಅಂದಳು. ತೆಗೆದರು. ಲಚ್ಚಮ್ಮ ಎರಡು ಸಲ ತಪ್ಪಿ ನಿಂತಳು, ಬೈಸಿಕೊಂಡಳು.

ಬೈಸಿಕೊಂಡದ್ದು ಅವಳು. ಕೆನ್ನೆ ಉರಿದದ್ದು ನನ್ನದು.

ಸಂಜೆ, ಏಳು ಇಪ್ಪತ್ತು

ವಿಂಗಿನಲ್ಲಿ ಡಬ್ಬದ ಮೇಲೆ ಕೂತು ಬರೆಯುತ್ತಿದ್ದೇನೆ. ಕುಣಿತ ನಡೆದಿದೆ. ನೋಡುತ್ತಿಲ್ಲ. ಪರದೆಯ ಈ ಕಡೆಯಿಂದ ಕಾಲಿನ ಸದ್ದಷ್ಟೇ.

ಹೇಳಲಿಲ್ಲ.

ಬೆಳಕಿನ ವೃತ್ತದಲ್ಲಿ ನಿಂತೆ. ಮೈಕು ಪಕ್ಕಕ್ಕೆ ಸರಿಸಿದೆ. ‘ಮಹಾಜನಗಳೇ, ಇದನ್ನು ಕಟ್ಟಿದವನು’ — ಇಲ್ಲಿಯ ತನಕ ನಾಲಿಗೆಯ ಮೇಲಿತ್ತು. ಮುಂದಿನ ಸಾಲಿನಲ್ಲಿ ಬಂಡಮ್ಮ. ಊರಿನವರು ಹೊತ್ತು ತಂದಂತೆ ಕರೆತಂದಿದ್ದಾರೆ. ಕಥೆ ಶುರುವಾಗುವ ಮೊದಲೇ ಎರಡೂ ಕೈ ಜೋಡಿಸಿಕೊಂಡು ಕೂತಿದ್ದಳು, ತನ್ನತ್ತೆ ಈಗ ಸ್ಟೇಜಿಗೆ ಬರುತ್ತಾಳೆಂಬ ಹಾಗೆ.

ಬಾಯಿ ತೆರೆದೆ. “ದೊಡ್ಡ ಬೇನೆಯ ವರ್ಷ,” ಎಂದಿತು ಬಾಯಿ.

ಇಷ್ಟು ಚೆನ್ನಾಗಿ ಯಾವತ್ತೂ ಹೇಳಿರಲಿಲ್ಲ. ಥೂ. ಚಪ್ಪಾಳೆ ಬಿತ್ತು, ತಲೆ ಬಾಗಿಸಿದೆ, ಅಭ್ಯಾಸ. ಒಳಗೆ ಬರುವಾಗ ಶಾಮಲಾ ಎದುರಾದಳು. ಬಣ್ಣದೊಳಗೂ ಮುಖ ಬಿಳಿಚಿತ್ತು. ಏನೋ ಹೇಳಲು ಬಂದಳು. ದಾಟಿ ಬಂದೆ.

ಮೂರನೆಯ ಸುತ್ತು ಮುಗಿಯಿತು. ಹಲಗೆಯ ಸ್ಟೇಜು, ಒಂದೊಂದು ಕಾಲೂ ಕೇಳುತ್ತದೆ. ಈ ಹತ್ತು ಜೋಡಿ ಕಾಲನ್ನು ಕತ್ತಲೆಯಲ್ಲಿ ಕೇಳಿ ಗುರುತಿಸಬಲ್ಲೆ.

ನಾಲ್ಕನೆಯದು. ಬೀಸು, ಬೀಸು, ತಿರುಗು.

ಈಗ ನಿಲ್ಲಬೇಕು. ಇಲ್ಲಿ. ಈಗ.

ನಿಲ್ಲಲಿಲ್ಲ. ಹೋಗುತ್ತಿವೆ. ಕರ್ತೃ ಅಜ್ಞಾತ — ಇಲ್ಲ, ತಡೆ. ಹತ್ತು ಜೋಡಿಯಲ್ಲ. ಒಂಬತ್ತು. ಮತ್ತೆ ಕೇಳಿದೆ, ಒಂಬತ್ತೇ. ಯಾರೋ ಒಬ್ಬಳು ನಿಂತಿದ್ದಾಳೆ. ನಾಲ್ಕು. ಐದು. ಇನ್ನೂ ನಿಂತೇ ಇದ್ದಾಳೆ, ಆರು, ಯಾರು? ಪರದೆ ಸರಿಸಿ ನೋಡಬೇಕು, ಏಳುತ್ತೇನೆ.