ಮೂಲೆಯ ನೆರಳು

ಅಪ್ಪಾ,

‘ಬೆಳಕು ಎಲ್ಲರನ್ನೂ ಸಮನಾಗಿ ಮುಟ್ಟುತ್ತದೆ’ ಎಂದು ಯಾವುದೋ ಕವಿತೆಯಲ್ಲಿ ಓದಿದ ನೆನಪು. ಮುಂದಿನ ಸಾಲು ಮರೆತಿದೆ. ಈ ಸಾಲಾದರೂ ನಿಜವೇ ಎಂದು ಇವತ್ತು ಬಸ್ಸಿನಲ್ಲಿ ಯೋಚಿಸುತ್ತ ಬಂದೆ.

ಬಸವಕಲ್ಯಾಣದಲ್ಲಿ ಎರಡು ದಿನದ ಫೋಟೋಗ್ರಫಿ ಕಾರ್ಯಾಗಾರಕ್ಕೆ ಹೋಗಿದ್ದೆ. ಕ್ಯಾಮೆರಾ ಹೊತ್ತು ಕುತ್ತಿಗೆ ನೋಯುತ್ತಿದೆ. ಮನೆಯ ಹಳೆಯದೊಂದು ಫೋಟೋ ತನ್ನಿ ಎಂದಿದ್ದರು. ನಾನು ಎಂ.ಎ. ಪದವಿ ಪಡೆದ ದಿನದ್ದನ್ನು ಒಯ್ದಿದ್ದೆ. ಕಲಿಸುವ ಶರಣಕುಮಾರ ಸರ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಮಾರಿ ಎಲ್ಲಾರೂ ನೋಡ್ತಾರ ಮೇಡಂ, ನೀವು ನಾಕೂ ಮೂಲಿ ನೋಡ್ರಿ. ಇಲ್ಲಿ ನಿಮ್ಮ ಕಾಲ ಹತ್ತಿರ ಬಿದ್ದ ನೆರಳು ಯಾರ್ದು?”

“ಗೊತ್ತಿಲ್ರಿ. ಯಾರೋ ಹೊಂಟಿದ್ರು” ಎಂದೆ.

ಅಂದು ಗೆಳತಿಯರ ಮುಂದೆ “ಅಪ್ಪಾ, ನೀ ಜರಾ ಬಾಜೂ ಸರಿ” ಎಂದವಳು ನಾನು. ದುಬಲಗುಂಡಿಯ ಹೊಲದಿಂದ ನೇರ ಬಂದಿದ್ದ ನೀನು “ನೀ ನಿಲ್ಲವಾ, ಚೀಲ ನಾ ಹಿಡೀತೀನಿ” ಎಂದು ಫೋಟೋ ತೆಗೆಯುವವನ ಹಿಂದೆ ಹೋಗಿ ನಿಂತೆ. ನೀನು ತೀರಿ ಆರು ವರ್ಷವಾಯಿತು. ಆಧಾರ್ ಕಾರ್ಡಿನದ್ದು ಬಿಟ್ಟರೆ ನಿನ್ನದೊಂದೂ ಫೋಟೋ ಇಲ್ಲ.

ಸಂಜೆ ಹುಮನಾಬಾದಿನ ಮನೆಗೆ ಬಂದು ಚೀಲ ಬಿಚ್ಚುವಾಗ ಪಕ್ಕದ ಮನೆಯ ಸುಂದರಬಾಯಿ ಬಾಗಿಲಿಗೆ ಬಂದಳು. ಹಿಂದೆ ನಿನ್ನ ಜೊತೆ ಕಳೆ ಕೀಳಲು ಹೋಗುತ್ತಿದ್ದವಳು. ಫೋಟೋ ಇಸಿದುಕೊಂಡು, ನನ್ನ ಮುಖ ಬಿಟ್ಟು, ಆ ಮೂಲೆಯ ಮೇಲೆ ಬೆರಳಿಟ್ಟಳು.

“ಇಂವ ನಿಮ್ಮಪ್ಪ, ನಮ್ಮ ಲಾಲಪ್ಪಣ್ಣ ಅಲ್ಲೇನ? ರುಮಾಲು ಹಿಂಗ ಸೊಟ್ಟ ಸುತ್ತಾಂವ ಊರಾಗ ಅಂವ ಒಬ್ಬನಾ.”